ರೊಟ್ಟಿಯ ಸಪ್ಪಳ ಎಣಿಸುತ್ತಿದ್ದ ಭಾಗಮ್ಮ ಆಯಿ

ಭಾಗಮ್ಮ ಆಯಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ತನ್ನ ವಾಡೆಯಲ್ಲಿ ಬಾಡಿಗೆಗೆ ಕೊಟ್ಟ ಐದು ಖೋಲಿಗಳಲ್ಲಿ ಇವತ್ತು ಎಷ್ಟು ಜನ ಇದ್ದಾರೆ ಎಂಬುದನ್ನು ಆಕೆ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಹೇಳುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳವೇ ಆಕೆಯ ಲೆಕ್ಕ.

ನಮ್ಮ ಕಡೆ ಜೋಳದ ರೊಟ್ಟಿಯನ್ನು ಬಡಿದೇ ಮಾಡುತ್ತಾರೆ. ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ ಅಗಲ ಮಾಡುತ್ತಾರೆ. ಒಂದು ರೊಟ್ಟಿ ಹಂಚಿಗೆ ಬಿದ್ದಾಗ ಸಪ್ಪಳ ನಿಲ್ಲುತ್ತದೆ, ಮುಂದಿನ ಉಂಡೆ ಹಲಗೆಗೆ ಬಂದಾಗ ಮತ್ತೆ ಸುರುವಾಗುತ್ತದೆ. ಐದು ಖೋಲಿಗಳಲ್ಲಿ ಐವರು ಹೆಂಗಸರು ಒಟ್ಟಿಗೇ ಬಡಿಯುತ್ತಿದ್ದರೆ ನಮ್ಮಂಥವರಿಗೆ ಅದೊಂದು ಗದ್ದಲ. ಆಯಿ ಮಾತ್ರ ಅದರೊಳಗಿಂದ ಒಂದೊಂದು ಕೈಯನ್ನೂ ಬೇರೆ ಬೇರೆ ಮಾಡಿ ಕೇಳುತ್ತಿದ್ದಳು. ಯಾರ ಹಿಟ್ಟು ಹಳೆಯದಾಗಿ ಜಿಗುಟು ಬಿಟ್ಟಿದೆ, ಯಾರು ಸಿಟ್ಟಿನಲ್ಲಿ ಬಡಿಯುತ್ತಿದ್ದಾರೆ, ಯಾರು ನಿದ್ದೆಗಣ್ಣಿನಲ್ಲಿದ್ದಾರೆ ಎಲ್ಲ ಆಕೆಗೆ ತಿಳಿಯುತ್ತಿತ್ತು. "ಮೂರನೇ ಖೋಲ್ಯಾಗ ಇವತ್ತ ಗಂಡ-ಹೇಂತಿ ಜಗಳ ಆಗ್ಯದ. ಕೇಳ್ರಿ, ರೊಟ್ಟಿ ಬಡ್ಯಾಕತ್ತಾಳೋ ಗಂಡನ್ನ ಬಡ್ಯಾಕತ್ತಾಳೋ" ಎಂದು ಕಟ್ಟೆಯ ಮೇಲಿಂದಲೇ ಹೇಳಿ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು.

ಎತ್ತರದ ಆಳು. ನೆಲಕ್ಕಿಂತ ಮೊಳದೆತ್ತರದ ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರೆ ಬಾಗಿಲು ದಾಟಿ ಬಂದವರೆಲ್ಲ ತಾವಾಗಿಯೇ ಧ್ವನಿ ತಗ್ಗಿಸುತ್ತಿದ್ದರು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆಳಂದದಲ್ಲಿ ಆ ವಾಡೆಯನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಳು.

ನಾನು ಅಲ್ಲಿಗೆ ಬಂದದ್ದು ನಿಜಾಮರ ಕಾಲದಲ್ಲಿ, ದೊಡ್ಡ ಯುದ್ಧ ಸುರುವಾಗುವುದಕ್ಕೆ ಸ್ವಲ್ಪ ಮುಂಚೆ. ನಮ್ಮೂರು ಭೀಮಾ ಹೊಳೆಯ ದಂಡೆಯ ಮಣ್ಣೂರ. ಕಲಬುರ್ಗಿಯಲ್ಲಿ ಮೆಟ್ರಿಕ್ ಮುಗಿಸಿದವನಿಗೆ ಆಳಂದದ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಕೆಲಸ ಸಿಕ್ಕಿತು. ಕೊಡಿಸಿದವರು ನನ್ನ ಮಾವ, ಹೆಂಡತಿಯ ತಂದೆ. ಅಫಜಲಪುರದ ಕಚೇರಿಯಲ್ಲಿ ಪೇಶ್ಕಾರರಾಗಿದ್ದ ಅವರ ಮಾತಿಗೆ ತೂಕವಿತ್ತು. ಹೊಸದಾಗಿ ಮದುವೆಯಾದ ಹೆಂಡತಿ ಶರಣಮ್ಮನನ್ನು ಕರೆದುಕೊಂಡು ಖೋಲಿ ಹುಡುಕುತ್ತ ಆಯಿಯ ಕಟ್ಟೆಯ ಮುಂದೆ ಹೋಗಿ ನಿಂತೆ.

"ಎಷ್ಟ ಮಂದಿ?" ಎಂದಳು ಆಯಿ.

"ಇಬ್ಬರರಿ. ನಾನು, ನನ್ನ ಹೇಂತಿ."

"ಬಾಯಿಲೆ ಹೇಳಬ್ಯಾಡ. ತಲಿ ತಾ ಇಲ್ಲಿ."

ನನಗೆ ಅರ್ಥವಾಗದೆ ನಿಂತಿದ್ದಾಗ ಆಕೆ ಬಲಗೈ ಮುಂದೆ ಚಾಚಿದಳು. ಬಗ್ಗಿದೆ. ಕೈ ನನ್ನ ಟೊಪ್ಪಿಗೆಯ ಮೇಲೆ ಬಿತ್ತು.

"ಟೊಪಗಿ ತಗಿ. ಖೋಲಿ ಟೊಪಗಿಗಿ ಕೊಡಾಕತ್ತಿಲ್ಲ ನಾ."

ಟೊಪ್ಪಿಗೆ ತೆಗೆದೆ. ಒರಟಾದ, ಬೆಚ್ಚಗಿನ ಕೈ. ಹಣೆಯಿಂದ ಹಿಂದಲೆಯವರೆಗೆ ಒಮ್ಮೆ ಸವರಿ ಕೇಳಿದಳು: "ಹೆಸರೇನು?"

"ಮಲ್ಲಪ್ಪರಿ. ಕಚೇರ್ಯಾಗ ಮುನ್ಶಿ."

ಮುಂದೆ ಶರಣಮ್ಮ ಬಗ್ಗಿದಳು. "ಹೆಸರೇನು ಬೇ? ಇಂವಗ ಏನಾಗಬೇಕು?" ಹೆಂಡತಿ ನಾಚಿ ಸೆರಗು ಕಚ್ಚಿದಳು. "ನಗಬ್ಯಾಡ, ಹೇಳು. ಖೋಲಿ ಹಿಡಿಯೂಮುಂದ ಎಲ್ಲಾರೂ ಇಬ್ಬರ ಅಂತಾರ. ಆಮ್ಯಾಲ ಆಕೀ ಅತ್ತಿ ಬರ್ತಾಳ, ಇಂವನ ಭಾವ ಬರ್ತಾನ, ಭಾವನ ದೋಸ್ತ ಬರ್ತಾನ. ಬರಲಿ. ಗ್ವಾಡಿ ನಂದು, ಉಸರು ನಿಮ್ಮದು. ಆದರ ಎಷ್ಟ ಉಸರು ಅದಾವ ಅಂತ ನಂಗ ಗೊತ್ತಿರಬೇಕು. ಹೆಚ್ಚ ಮಂದಿ ಇದ್ರ ನಂಗ ಭಾರ ಅಲ್ಲ. ಗೊತ್ತಿಲ್ಲದ ಮಂದಿ ಇದ್ರ ಭಾರ."

ಅದೇ ಆಕೆಯ ಕಾಯ್ದೆ. ಬಂದವರು ತಲೆ ಮುಟ್ಟಿಸಬೇಕು, ಹೆಸರು ಹೇಳಬೇಕು, ಯಾರಿಗೆ ಏನಾಗಬೇಕು ಎಂಬುದನ್ನು ಹೇಳಬೇಕು. ಬಿಟ್ಟು ಹೋಗುವಾಗಲೂ ಒಬ್ಬೊಬ್ಬರೇ ಬಂದು ಬಗ್ಗಿ ಹೋಗಬೇಕು. ಬಂದ ತಲೆಗಳೂ ಹೋದ ತಲೆಗಳೂ ಸರಿಹೊಂದಬೇಕು.

ಇದು ಮುದುಕಿಯ ಚಾಳಿ ಎಂದು ಮೊದಲು ನಗುತ್ತಿದ್ದೆ. ಕಾರಣ ಹೇಳಿದವನು ಎರಡನೇ ಖೋಲಿಯ ದರ್ಜಿ ದಾವೂದ್. ಹಿಂದೆ ಊರಿಗೆ ಗಂಟುಬೇನೆ, ಅಂದರೆ ಪ್ಲೇಗು, ಬಂದಾಗ ಜನರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿದ್ದರಂತೆ. ಆಗ ಆಯಿಗೆ ಕಣ್ಣಿದ್ದವು. ಬೇನೆ ಹೋದ ಮೇಲೆ ವಾಡೆಗೆ ಮರಳಿ ಬಂದು ನೋಡಿದರೆ ಮೂಲೆಯ ಖೋಲಿಯಲ್ಲಿ ಒಬ್ಬ ಗಂಡಸು ಸತ್ತು ಬಿದ್ದಿದ್ದ. ಬಾಡಿಗೆಯವರು ಯಾರೋ ಆಯಿಗೆ ಹೇಳದೆ ಇಟ್ಟುಕೊಂಡಿದ್ದ ಮನುಷ್ಯ. ಅವರೂ ಜೋಪಡಿಯಲ್ಲೇ ಸತ್ತಿದ್ದರು. ಆತನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಯಾವ ಊರು, ಯಾವ ಜನ ಗೊತ್ತಿರಲಿಲ್ಲ. "ಹೂಳಬೇಕೋ ಸುಡಬೇಕೋ ತಿಳೀದೆ ಆಯಿ ಹಗಲೆಲ್ಲಾ ಬಾಗಲದಾಗ ಕುಂತಿದ್ಲಂತ ಮುನ್ಶೀಜಿ" ಎಂದ ದಾವೂದ್. "ಅವತ್ತಿನಿಂದ ಈ ತಲಿ ಮುಟ್ಟೂದು ಸುರು ಆತು."

ದಾವೂದನೂ ಒಮ್ಮೆ ಸಿಕ್ಕಿಬಿದ್ದಿದ್ದ. ಅವನ ಹೆಂಡತಿ ಹುಸೇನಬಿಯ ತಮ್ಮ ತನ್ನ ಹೆಂಡತಿ, ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದಿಳಿದ. ಐದು ಜನ ಹೆಚ್ಚಾದರೆ ಆಯಿ ಖೋಲಿ ಬಿಡಿಸಿಯಾಳು ಎಂದು ಹೆದರಿದ ಗಂಡ ಹೆಂಡತಿ ಒಂದು ಉಪಾಯ ಮಾಡಿದರು. ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. ಸಪ್ಪಳವೇ ಇಲ್ಲ.

ಮರುದಿನ ದಾವೂದ್ ಹೊಲಿಗೆ ಯಂತ್ರ ಹೊರಗೆ ತಂದಿಡುತ್ತಿದ್ದಾಗ ಆಯಿ ಕೇಳಿದಳು: "ದಾವೂದ, ನಿಮ್ಮನ್ಯಾಗ ರಮಜಾನದ ರೋಜಾ ಸುರು ಆದ್ವೇನು?"

"ಇಲ್ಲ ಆಯಿ, ಇನ್ನ ಭಾಳ ದಿನ ಅದಾವ."

"ಮತ್ತ ನಿಮ್ಮ ಖೋಲ್ಯಾಗ ರೊಟ್ಟಿ ಸಪ್ಪಳ ಇಲ್ಲಲ್ಲ?"

"ಇವತ್ತ ಅನ್ನ ಮಾಡ್ಯಾರ ಆಯಿ."

"ಅನ್ನ ಮಾಡಿದ್ರ ಗಂಜಿ ವಾಸ್ನಿ ಬರತದ. ನಿಮ್ಮನ್ಯಾಗಿಂದ ಸುಟ್ಟ ಜ್ವಾಳದ ವಾಸ್ನಿ ಬರಾಕತ್ತದ. ಸಪ್ಪಳಕ್ಕ ಚೀಲ ಹಾಸೀದಿ, ವಾಸ್ನಿಗಿ ಏನ್ ಹಾಸ್ತೀ? ಹೋಗು, ಎಲ್ಲಾರ್ನೂ ಕರಕೊಂಡ ಬಾ. ಸಣ್ಣವು ಮೊದಲ ಬರಲಿ."

ಐದು ತಲೆಗಳೂ ಸಾಲಾಗಿ ಬಂದವು. ಕೊನೆಗೆ ಬಗ್ಗಿದ ಹುಸೇನಬಿಯ ತಮ್ಮನ ತಲೆ ಸವರಿ ಆಯಿ ಬೆರಳು ಮೂಸಿದಳು. "ಎಣ್ಣಿ ಭಾಳ ಹಚ್ಚ್ಯಾನ ಮಗ. ಇಂವ ಜಲ್ದಿ ಹೋಗೂ ಪೈಕಿ ಅಲ್ಲ" ಎಂದಳು. ಅವರು ಮಳೆಗಾಲದವರೆಗೂ ಇದ್ದರು. ಆಯಿ ಬಾಡಿಗೆ ಹೆಚ್ಚು ಮಾಡಲಿಲ್ಲ. ಮಕ್ಕಳು ಮಲಗಲೆಂದು ತನ್ನ ಪಡಸಾಲೆಯನ್ನು ಬಿಟ್ಟುಕೊಟ್ಟಳು. ಆದರೆ ದಾವೂದನಿಗೆ ಎಲ್ಲರ ಮುಂದೆ ಹೇಳಿದಳು: "ಒಮ್ಮಿ ಸುಳ್ಳ ಹೇಳಿದ್ರ ಅದು ಹೊಟ್ಟಿ ಹೇಳಿಸ್ತದ. ಎರಡನೇ ಸಲ ಹೇಳಿದ್ರ ಅದು ಚಾಳಿ. ಚಾಳಿ ಬಿದ್ದವರಿಗಿ ಇಲ್ಲಿ ಖೋಲಿ ಇಲ್ಲ." ಹಾಗೆ ಎರಡು ಸಲ ಸುಳ್ಳು ಹೇಳಿದ ತಂಬಾಕಿನ ವ್ಯಾಪಾರಿಯೊಬ್ಬನನ್ನು ಆಕೆ ಅದೇ ವಾರ ಬಿಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ನಾನು ಆಕೆಗೆ ಎಷ್ಟು ಸಲ ಸುಳ್ಳು ಹೇಳಿದೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಂಬತ್ತು ದಾಟಿದೆ. ಮಕ್ಕಳಿಗೂ ಹೇಳಿಲ್ಲ.

ಆ ವಾಡೆಗೆ ಬಂದ ಎರಡನೇ ವರ್ಷ ಶರಣಮ್ಮ ಜ್ವರ ಹಿಡಿದು ಮಲಗಿದಳು. ಮಣ್ಣೂರಿನಿಂದ ನಮ್ಮವ್ವ ಬಂದು ಎಂಟು ದಿನ ಇದ್ದು ಅಡಿಗೆ ಮಾಡಿದಳು. ಮೊದಲನೇ ದಿನವೇ ಆಯಿ ಕಿವಿಗೊಟ್ಟು ಕೇಳಿ, "ಹೊಳಿ ದಂಡಿ ಕೈ ಅದ. ನೀರ ಭಾಳ ಹಾಕಿ ನಾದ್ತಾಳ. ಎರಡ ಜಲ್ದಿ, ಒಂದು ತಡದು. ಎರಡ ಜಲ್ದಿ, ಒಂದು ತಡದು" ಎಂದು ತನ್ನ ಮೊಳಕಾಲ ಮೇಲೆ ತಾಳ ಹಾಕಿ ತೋರಿಸಿದಳು. ಅವ್ವ ನಕ್ಕು, "ನಮ್ಮವ್ವ ಹಿಂಗ ಬಡೀತಿದ್ಲರಿ, ನಂಗೂ ಹಿಂಗ ಬಂತು" ಎಂದಳು. ಇಬ್ಬರೂ ಎಂಟು ದಿನದಲ್ಲಿ ಅಕ್ಕತಂಗಿಯರಂತಾದರು. ಊರಿಗೆ ಮರಳಿದ ಅವ್ವ ಆ ಬೇಸಿಗೆಯಲ್ಲೇ ತೀರಿಕೊಂಡಳು. ಅಪ್ಪ ಮೊದಲೇ ಇರಲಿಲ್ಲ. ಮಣ್ಣೂರಿನ ಮನೆ ಕಾಕಾನ ಪಾಲಾಯಿತು.

ನನಗೆ ಒಬ್ಬಳೇ ತಂಗಿ, ನೀಲಮ್ಮ. ಅವಳನ್ನು ಜೇವರ್ಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಗಂಡ ನನ್ನ ಮಾವನ ಅಕ್ಕನ ಮಗ. ನನ್ನ ಮದುವೆಯೂ ಅವಳ ಮದುವೆಯೂ ಒಂದೇ ಹಂದರದಲ್ಲಿ ಆಗಿದ್ದವು. ಮಕ್ಕಳಾಗಲಿಲ್ಲವೆಂದು ಆತ ಇನ್ನೊಬ್ಬಳನ್ನು ತಂದ. ನೀಲಮ್ಮನ ಹಾಸಿಗೆ ಕೊಟ್ಟಿಗೆಗೆ ಹೋಯಿತು. ಅವ್ವ ಸತ್ತು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಆ ಮನೆ ಬಿಟ್ಟು ನನ್ನ ಖೋಲಿಗೆ ಬಂದಳು. ಬಿಸಿಲಿಗೆ ಹೆದರಿ ಎಲ್ಲರೂ ಒಳಗೆ ಮಲಗಿದ್ದ ಹೊತ್ತು. ಆಯಿಯೂ ಕಟ್ಟೆಯ ಮೇಲೆ ಇರಲಿಲ್ಲ. ಯಾರೂ ನೋಡಲಿಲ್ಲ.

ಸಂಜೆ ಕಚೇರಿಯಿಂದ ಬಂದು ಅವಳನ್ನು ಕಂಡಾಗ ನನಗೆ ಮೊದಲು ಬಂದದ್ದು ಮಾವನ ನೆನಪು. ನನ್ನ ನೌಕರಿ ಅವರು ಕೊಡಿಸಿದ್ದು. ಅವರ ಸೋದರಳಿಯನ ಮನೆ ಬಿಟ್ಟು ಬಂದವಳನ್ನು ನಾನು ಇಟ್ಟುಕೊಂಡರೆ ಏನಾದೀತು? ಅವಳ ಕಾಲಲ್ಲಿ ಬೊಬ್ಬೆ ಎದ್ದಿದ್ದವು. ಅವುಗಳನ್ನು ನೋಡಿದೆ. ನೋಡಿಯೂ, "ಸ್ವಲ್ಪ ದಿನ ಹೊರಗ ಬರಬ್ಯಾಡ. ಯಾರಿಗೂ ಗೊತ್ತಾಗೂದು ಬ್ಯಾಡ" ಎಂದೆ.

ಅವಳು, "ಹೂಂ ಅಣ್ಣಾ" ಎಂದಳು.

ಆಗ ಶರಣಮ್ಮ ಬಸುರಿ, ಬೆಂಕಿಯ ಮುಂದೆ ಕೂಡಲಾಗುತ್ತಿರಲಿಲ್ಲ. ಸುಮ್ಮನೆ ಕೂತು ಉಣ್ಣುವುದು ನೀಲಮ್ಮನಿಗೆ ಒಗ್ಗಲಿಲ್ಲ. ಬಾಗಿಲು ಅರ್ಧ ಮುಚ್ಚಿ ಒಳಗೆ ಕೂತು ರೊಟ್ಟಿ ಬಡಿದಳು. ಬೇಡವೆನ್ನಲು ನನಗೆ ಹೊಳೆಯಲೇ ಇಲ್ಲ. ಮೂರು ವರ್ಷ ಆ ವಾಡೆಯಲ್ಲಿದ್ದೂ, ದಾವೂದನ ಗೋಣಿಚೀಲಕ್ಕೆ ಅಷ್ಟು ನಕ್ಕೂ, ನನ್ನ ಒಲೆಯ ಸಪ್ಪಳ ಹೊರಗೆ ಹೋಗುತ್ತದೆ ಎಂಬುದು ನನಗೆ ನೆನಪಾಗಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಕಚೇರಿಗೆ ಹೊರಟವನನ್ನು ಆಯಿ ತಡೆದಳು.

"ಮುನ್ಶಿ, ನಿಮ್ಮ ಖೋಲ್ಯಾಗ ದಿನಾ ಆರ ರೊಟ್ಟಿ ಆಗತಿದ್ವು. ಈಗ ಒಂಬತ್ತ ಆಗಾಕತ್ತಾವ."

"ಆಕಿ ಬಸರಿ ಅದಾಳಲ್ಲರಿ ಆಯಿ. ಹಸಿವಿ ಹೆಚ್ಚಾಗ್ಯದ."

"ಹಸಿವಿ ಹೆಚ್ಚಾದ್ರ ರೊಟ್ಟಿ ಹೆಚ್ಚಾಗತಾವ. ಕೈ ಬ್ಯಾರೆ ಆಗಂಗಿಲ್ಲ. ಅದು ಶರಣಮ್ಮನ ಕೈ ಅಲ್ಲ. ಯಾರು ಅದು?"

ದಾವೂದ್ ಯಂತ್ರ ನಿಲ್ಲಿಸಿ ನನ್ನ ಕಡೆ ನೋಡಿದ. ಬಾವಿಯ ಹತ್ತಿರ ಇಬ್ಬರು ಹೆಂಗಸರಿದ್ದರು. ಇವರ ಬಾಯಿಂದ ಸುದ್ದಿ ಅಫಜಲಪುರ ಮುಟ್ಟಲು ಎರಡು ದಿನ ಸಾಕು ಎಂದು ಲೆಕ್ಕ ಹಾಕಿದೆ. ನನ್ನ ಬೆನ್ನ ಹಿಂದೆ ನಮ್ಮ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ನೀಲಮ್ಮ ಅಲ್ಲೇ ನಿಂತಿದ್ದಾಳೆ ಎಂಬುದು ಗೊತ್ತಿತ್ತು.

"ಕೂಲಿಯಾಕಿ ಆಯಿ" ಎಂದೆ. "ರೊಟ್ಟಿ ಬಡ್ಯಾಕ ಇಟಗೊಂಡೀನಿ."

"ಹೆಸರೇನು?"

"ನೀಲಮ್ಮ ಅಂತ."

"ನಿಂಗ ಏನಾಗಬೇಕು?"

"ಏನೂ ಆಗಬೇಕಿಲ್ಲರಿ."

ಆಯಿ ಕಾಣದ ಕಣ್ಣುಗಳನ್ನು ನನ್ನ ಮುಖದ ಕಡೆಗೇ ಇಟ್ಟಿದ್ದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಆಕೆ ಮೆಲ್ಲಗೆ, "ಕೂಲಿಯಾಕಿ ಅಂದ್ರ ಛಲೋನ ಆತು. ನಂಗೂ ಒಬ್ಬಾಕಿ ಬೇಕಾಗಿದ್ಲು. ನನ್ನ ಒಲಿ ಸಂಬಾಳ್ಸಾಕ ಈಗ ನನ್ನ ಕೈಲೆ ಆಗವಲ್ದು. ಇಲ್ಲಿಗಿ ಕಳಸು ಆಕೀನ. ಕೂಲಿಯಾಕಿಗಿ ಯಾರ ಒಲಿ ಆದ್ರೇನು?" ಎಂದಳು.

ನಾನು ಕರೆಯುವ ಮೊದಲೇ ನೀಲಮ್ಮ ತನ್ನ ಗಂಟು ಹಿಡಿದು ಹೊರಗೆ ಬಂದಳು. ನನ್ನನ್ನು ದಾಟಿ ಹೋಗಿ ಕಟ್ಟೆಯ ಮುಂದೆ ಬಗ್ಗಿದಳು. ಆಯಿ ಅವಳ ತಲೆಯ ಮೇಲೆ ಇಟ್ಟ ಕೈ ಬೇಗ ತೆಗೆಯಲಿಲ್ಲ.

"ಹೆಸರೇನವ್ವಾ?"

"ನೀಲಮ್ಮ."

"ಯಾರಿಗಿ ಏನಾಗಬೇಕು?"

ನೀಲಮ್ಮ ತಲೆ ಎತ್ತಲಿಲ್ಲ. "ಯಾರಿಗೂ ಏನೂ ಆಗಬೇಕಿಲ್ಲ ಆಯಿ."

"ಹಂಗಾದ್ರ ನಂಗ ಆಗು" ಎಂದಳು ಆಯಿ.

ಆ ದಿನ ಕಚೇರಿಗೆ ನಡೆದುಹೋಗುವಾಗ ನನಗೆ ದುಃಖವಾಗಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಹಗುರಾಗಿತ್ತು. ತಂಗಿಗೂ ನೆಲೆಯಾಯಿತು, ನನ್ನ ಮೇಲೂ ಏನೂ ಬರಲಿಲ್ಲ ಎಂದುಕೊಂಡೆ. ನಾಲ್ಕು ದಿನದ ಮೇಲೆ ಮಾವನ ಕಾಗದ ಬಂತು. ನೀಲಮ್ಮ ಮನೆ ಬಿಟ್ಟು ಹೋಗಿದ್ದಾಳೆ, ಅಲ್ಲಿಗೆ ಬಂದಿದ್ದಾಳೆಯೇ ಎಂದು ಕೇಳಿದ್ದರು. "ಬಂದಿಲ್ಲ" ಎಂದು ಉತ್ತರ ಬರೆದೆ. ನಕಲು ಬರೆಯುವವನ ಅಕ್ಷರ, ಚೆಂದವಾಗಿಯೇ ಬಂದಿತ್ತು. ಮುಂದೆ ಅವಳ ಗಂಡನ ಕಡೆಯವರು ಆಕೆ ಭೀಮಾ ಹೊಳೆಗೆ ಬಿದ್ದಿರಬೇಕೆಂದು ಸುದ್ದಿ ಹಬ್ಬಿಸಿದರು. ಅವರಿಗೂ ಅದು ಅನುಕೂಲವಾಗಿತ್ತು. ನಾನು ಆ ಮಾತನ್ನು ಅಲ್ಲಗಳೆಯಲಿಲ್ಲ.

ಅಂಗಳದ ಆಚೆ ಬದಿ ಆಯಿಯ ಮನೆ, ಈಚೆ ಬದಿ ನಮ್ಮ ಖೋಲಿ. ನಡುವೆ ಬಾವಿ. ನೀಲಮ್ಮ ಎದುರಾದಾಗ ಸೆರಗು ಸರಿ ಮಾಡಿಕೊಂಡು ಬದಿಗೆ ನಿಲ್ಲುತ್ತಿದ್ದಳು. "ಅಣ್ಣಾ" ಎನ್ನುತ್ತಿದ್ದವಳು ಉಳಿದವರಂತೆ "ಮುನ್ಶಿಯವ್ರ" ಎನ್ನಲು ಸುರುಮಾಡಿದಳು. ಅವಳ ರೊಟ್ಟಿ ಎಷ್ಟು ತೆಳುವಾಗಿದ್ದವೆಂದರೆ, ಕಚೇರಿಯ ಒಬ್ಬಂಟಿ ಗಂಡಸರು ಇಬ್ಬರು ಬಂದು ಆಯಿಯನ್ನು ಊಟ ಕೇಳಿದರು. ಇಬ್ಬರು ನಾಲ್ವರಾದರು, ಆಮೇಲೆ ಹತ್ತು ಜನ. ವರ್ಷದೊಳಗೆ ಆಯಿಯ ಪಡಸಾಲೆ ಖಾನಾವಳಿಯಾಯಿತು. ಉಣ್ಣಲು ಬಂದವರೂ ಮೊದಲ ದಿನ ತಲೆ ಮುಟ್ಟಿಸಬೇಕು. "ನನ್ನ ಗ್ವಾಡಿ ಒಳಗ ಉಂಡವರು ನನ್ನ ಲೆಕ್ಕದಾಗ" ಎನ್ನುತ್ತಿದ್ದಳು.

ಶರಣಮ್ಮ ಹೆರಿಗೆಗೆ ತವರಿಗೆ ಹೋದಾಗ ನಾನೂ ಮೂರು ತಿಂಗಳು ಅಲ್ಲೇ ಉಂಡೆ. ಬೇರೆ ದಾರಿ ಇರಲಿಲ್ಲ. ಉಳಿದ ಗಿರಾಕಿಗಳ ಸಾಲಿನಲ್ಲಿ ಕೂಡುತ್ತಿದ್ದೆ. ನೀಲಮ್ಮ ಬಡಿಸುತ್ತ ಬಂದು, "ಮುನ್ಶಿಯವ್ರ, ಇನ್ನೊಂದ ರೊಟ್ಟಿ ನೀಡ್ಲ್ಯಾ?" ಎಂದು ಎಲ್ಲರನ್ನೂ ಕೇಳಿದಂತೆಯೇ ಕೇಳುತ್ತಿದ್ದಳು. ಸಣ್ಣಂದಿನಲ್ಲಿ ಅವ್ವ ನನಗೆಂದು ತೆಗೆದಿಟ್ಟ ರೊಟ್ಟಿಯನ್ನು ಕದ್ದು ತಿಂದು ನಗುತ್ತಿದ್ದವಳು ಅವಳು.

ಒಂದು ದಿನ ನಾನು ಕೈ ತೊಳೆಯುತ್ತಿದ್ದಾಗ ಆಯಿ ಕಟ್ಟೆಯಿಂದ ಕೇಳಿದಳು: "ಮುನ್ಶಿ, ಊಟ ಹ್ಯಾಂಗದ?"

"ಛಲೋ ಅದರಿ ಆಯಿ."

"ಹಿಂದ ಎಲ್ಲೋ ಉಂಡಂಗ ಆಗತದೇನು?"

"ಇಲ್ಲರಿ."

"ಇರಲಿ. ಇನ್ನ ದಿನ ಅದಾವ" ಎಂದಳು.

ಆ ಮಾತು ಯಾಕೆ ಆಡಿದಳೆಂದು ನಾನು ಆಗ ಯೋಚಿಸಲಿಲ್ಲ. ಶರಣಮ್ಮ ಹೆಣ್ಣು ಕೂಸಿನೊಂದಿಗೆ ಮರಳಿ ಬಂದಳು. ಅವಳೇ ಒಂದೆರಡು ಸಲ, "ಹೇಳಿಬಿಡ್ರಿ. ನಮ್ಮಪ್ಪ ಭಾಳಾದ್ರ ನಾಕ ಮಾತ ಬೈತಾನ. ಕೂಸಿಗಿ ಸೋದರತ್ತಿ ಎದುರಿಗೆ ಇದ್ದೂ ಇಲ್ಲದಂಗ ಆಗ್ಯದ" ಎಂದಳು. ನಿನಗೆ ತಿಳಿಯುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ. ಆದ್ದರಿಂದ ಇದರಲ್ಲಿ ಅವಳ ಪಾಲಿಲ್ಲ. ಎಲ್ಲ ನನ್ನದೇ.

ಕೂಸಿಗೆ ಎರಡು ತುಂಬಿದಾಗ ನನಗೆ ಜೇವರ್ಗಿ ಕಚೇರಿಗೆ ಬಡ್ತಿಯ ಮೇಲೆ ವರ್ಗವಾಯಿತು. ಅದೂ ಮಾವನ ಪ್ರಯತ್ನವೇ. ಹೊರಡುವ ದಿನ ಬೆಳಿಗ್ಗೆ ಅವರೇ ಗಾಡಿ ಹೂಡಿಸಿಕೊಂಡು ಬಂದರು. ಸಾಮಾನು ಹೇರಿದ್ದಾಯಿತು. ಐದು ಖೋಲಿಗಳಲ್ಲೂ ರೊಟ್ಟಿಯ ಹೊತ್ತು ಮುಗಿದಿತ್ತು. ಖಾನಾವಳಿಯ ಒಲೆಯೊಂದರಿಂದ ಮಾತ್ರ ಸಪ್ಪಳ ಬರುತ್ತಿತ್ತು. ನೀಲಮ್ಮ ಒಳಗಿದ್ದಳು. ಮಾವ ಅಂಗಳದಲ್ಲಿ ನಿಂತಿದ್ದರು, ಅವಳು ಅವರಿಗೆ ಕಾಣುತ್ತಿರಲಿಲ್ಲ.

ತಲೆ ಮುಟ್ಟಿಸಲು ಕಟ್ಟೆಯ ಮುಂದೆ ಹೋದೆವು. ಆಯಿ ಮೊದಲು ಕೂಸಿನ ತಲೆ ಸವರಿದಳು. "ಒಂದು" ಎಂದಳು. ಶರಣಮ್ಮನ ತಲೆಯ ಮೇಲೆ ಕೈಯಿಟ್ಟು "ಎರಡು" ಎಂದಳು. ನನ್ನ ತಲೆಯ ಮೇಲೆ ಇಟ್ಟು "ಮೂರು" ಎಂದಳು. ಕೈ ಕೆಳಗಿಳಿಸಲಿಲ್ಲ. ಹಾಗೇ ಮುಂದೆ ಚಾಚಿ ಗಾಳಿಯಲ್ಲಿ ಹಿಡಿದಳು.

"ಇನ್ನೊಬ್ಬರು?"

ಮಾವ ನಕ್ಕರು. "ಇಷ್ಟ ಮಂದೀನ ಆಯಿ. ಇನ್ನ ಯಾರದಾರ ಇವಂಗ? ಅವ್ವ ಅಪ್ಪ ಇಲ್ಲ. ತಂಗಿ ಒಬ್ಬಾಕಿ ಇದ್ಲು, ಆಕೀನೂ ಹೊಳಿ ಪಾಲಾದ್ಲು."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

ಆಯಿ ಕೈ ಹಾಗೇ ಹಿಡಿದು ಕೇಳಿದಳು: "ಹೌದೇನು ಮುನ್ಶಿ?"

ಶರಣಮ್ಮ ನನ್ನ ಅಂಗಿಯ ತೋಳು ಹಿಡಿದಳು. ದಾವೂದ್ ನೋಡುತ್ತಿದ್ದ. ಇವತ್ತಿಗೂ ನನಗೆ ಆ ಕೈ ಕಾಣುತ್ತದೆ. ಮುದಿ ಕೈ, ಇನ್ನೊಂದು ತಲೆಗಾಗಿ ಕಾಯುತ್ತಿತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಮಾವ ಸಿಟ್ಟಾಗುತ್ತಿದ್ದರು, ಬಡ್ತಿ ಹೋಗುತ್ತಿತ್ತು, ನೌಕರಿಯೂ ಹೋಗುತ್ತಿತ್ತೇನೋ. ಹೊಲದಲ್ಲಿ ದುಡಿದು ಉಣ್ಣಬಹುದಿತ್ತು.

"ಹೌದ್ರಿ ಆಯಿ" ಎಂದೆ. "ಇಷ್ಟ ಮಂದಿ."

ಆಕೆ ಕೈ ಮಡಿಲಲ್ಲಿ ಇಟ್ಟುಕೊಂಡಳು. "ಹೋಗಿ ಬರ್ರಿ ಮುನ್ಶಿಯವ್ರ" ಎಂದಳು. ಐದಾರು ವರ್ಷ ನನ್ನನ್ನು "ನೀ" ಎಂದು ಬೈದ ಬಾಯಿ ಅದು. ಗಾಡಿ ವಾಡೆಯ ಬಾಗಿಲು ದಾಟುವಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಸುರುವಾಯಿತು.

ಆಮೇಲೆ ನಾನು ಆಯಿಯನ್ನು ನೋಡಲಿಲ್ಲ. ಕೆಲವು ವರ್ಷ ಕಳೆದು, ಜೇವರ್ಗಿಯ ಸಂತೆಯಲ್ಲಿ ದಾವೂದ್ ಸಿಕ್ಕ. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. "ಆಯಿ ಹ್ವಾದಳು ಮುನ್ಶೀಜಿ. ನಾಕ ತಿಂಗಳಾತು" ಎಂದ. "ಕಡೀಕ ಕಿವೀನೂ ಮಂದ ಆಗಿದ್ವು. ನೀಲಮ್ಮನ್ನ ಹತ್ತರ ಕುಂದ್ರಸಗೊಂಡು ಹಲಗಿ ಮ್ಯಾಲ ಕೈಯಿಟ್ಟು ಎಣಸ್ತಿದ್ಲು." ಅವನು ನನ್ನ ಮುಖ ನೋಡಿ ಹೊರಟುಹೋದ.

ಮರುವಾರ ಒಬ್ಬನೇ ಆಳಂದಕ್ಕೆ ಹೋದೆ. ನಡುಹಗಲು. ಪಡಸಾಲೆಯಲ್ಲಿ ಹನ್ನೆರಡು ಹದಿಮೂರು ಜನ ಉಣ್ಣುತ್ತಿದ್ದರು. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿಯೇ ಇತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ವಾಡೆ ಈಗ ಆಯಿಯ ಮೈದುನನ ಮಗನದು, ಆತ ಸೊಲ್ಲಾಪುರದಲ್ಲಿರುತ್ತಿದ್ದ. ಬಾಡಿಗೆ, ಖಾನಾವಳಿ ಎಲ್ಲ ನೋಡಿಕೊಳ್ಳುವವಳು ನೀಲಮ್ಮ. ಒಲೆಯ ಮುಂದೆ ಕೂತಿದ್ದವಳು ನನ್ನನ್ನು ನೋಡಿದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

ಟೊಪ್ಪಿಗೆ ತೆಗೆದೆ. ಅಷ್ಟು ಜನರ ಮುಂದೆ ಅವಳೆದುರು ಬಗ್ಗಿ, ಆಯಿಗೆ ಹೇಳಬೇಕಾಗಿದ್ದ ಮಾತನ್ನು ಹೇಳಿದೆ.

"ಮಲ್ಲಪ್ಪ. ನೀಲಮ್ಮಗ ಅಣ್ಣ ಆಗಬೇಕು."

ಉಣ್ಣುವವರ ಕೈ ನಿಂತವು. ಅವಳ ಕೈ ನನ್ನ ತಲೆಯ ಮೇಲೆ ಬರಲಿಲ್ಲ.

"ಹೊಳಿಗಿ ಬಿದ್ದಾಕಿಗಿ ಅಣ್ಣ ಎಲ್ಲಿಂದ ಬಂದ?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಆಯಿ ಕೈ ಚಾಚಿ ಕುಂತಿದ್ಲಲ್ಲ, ಆವಾಗ ಅನಬೇಕಾಗಿತ್ತು. ನಾ ಆ ರೊಟ್ಟಿ ಅರ್ಧಕ್ಕ ಬಿಟ್ಟ ಕುಂತಿದ್ದೆ" ಎಂದಳು.

ನಾನು ಬಗ್ಗಿಯೇ ಇದ್ದೆ.

"ಆಕೀಗಿ ಮೊದಲನೇ ದಿನಾನೇ ಗೊತ್ತಿತ್ತು" ಎಂದಳು ನೀಲಮ್ಮ. "ಅವತ್ತ ರಾತ್ರಿ ನನ್ನ ತಲಿ ಮ್ಯಾಲ ಕೈಯಿಟ್ಟು, ಕಿವ್ಯಾಗ ಹೇಳಿದ್ಲು, ನಿಮ್ಮವ್ವನ ಕೈ ನಿಂಗ ಬಂದದ ಅಂತ. ಅವ್ವ ಎಂಟ ದಿನ ಇಲ್ಲಿ ರೊಟ್ಟಿ ಬಡದಿದ್ಲಲ್ಲ, ಅದನ್ನ ಆಕಿ ಮರತಿದ್ದಿಲ್ಲ. ಅಂವಾ ಹೇಳೂತನಕ ನಾ ಹೇಳಂಗಿಲ್ಲ, ಅಂವನ ಬಾಯಿಲೇ ಬರಲಿ ಅಂದಿದ್ಲು. ಸಾಯೂ ಹಿಂದಿನ ದಿನ ಸುದ್ದಾ ಕೇಳಿದ್ಲು, ಮುನ್ಶಿ ಬಂದಿದ್ದನೇನು ಅಂತ."

"ಏಳು. ಕುಂದ್ರು" ಎಂದಳು. "ಬಂದವರಿಗಿ ನೀಡದೆ ಕಳಸೂ ಮನಿ ಅಲ್ಲ ಇದು."

ಸಾಲಿನ ಕೊನೆಯಲ್ಲಿ ಕೂತೆ. ಅವಳು ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟಳು. ಆ ವಾಡೆಯಲ್ಲಿ ಅಷ್ಟು ವರ್ಷ ಇದ್ದೂ ನಾನು ಒಂದು ದಿನವೂ ಕಣ್ಣು ಮುಚ್ಚಿ ಆ ಸಪ್ಪಳ ಕೇಳಿರಲಿಲ್ಲ. ಅವತ್ತು ಕೇಳಿದೆ. ಎರಡು ಬೇಗ, ಒಂದು ತಡೆದು. ಎರಡು ಬೇಗ, ಒಂದು ತಡೆದು. ಯಾರಿಗಾದರೂ ತಿಳಿಯುವಂತಿತ್ತು.